ಹಳೆಯ ಪ್ರೋಟೋಕಾಲನ್ನು ಸ್ಟೋರಿಗೆ ಒಪ್ಪಿಸಿದ್ದು

ಕೆಲಸ ಕೆಡಿಸಿ ಸಿಕ್ಕಿಬಿದ್ದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೆಲಸವನ್ನು ಸರಿಯಾಗಿ ಮಾಡಿ ಸಿಕ್ಕಿಬಿದ್ದವರು ಅಪರೂಪ. ಆ ಅಪರೂಪದವರಲ್ಲಿ ತಂತಿಯಪ್ಪನೂ ಒಬ್ಬ.

ತಂತಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕನ್ನಡಕದ ಕಂಪನಿಯ ಹೆಡ್ಡಾಫೀಸಿನಲ್ಲಿ ಸದಾ ಯಾರದಾದರೂ ಮೇಜಿನ ಕೆಳಗೆ ನುಸುಳಿಕೊಂಡು, ಬಾಯಲ್ಲಿ ಒಂದು ತಂತಿ ಕಚ್ಚಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಅವನ ಮುಖ ಅಲ್ಲಿ ಎಷ್ಟೋ ಜನಕ್ಕೆ ಸರಿಯಾಗಿ ಗುರುತಿರಲಿಲ್ಲ. ಪಾದಗಳನ್ನು ಮಾತ್ರ ಎಲ್ಲರೂ ಬಲ್ಲರು. ವರ್ಷಗಟ್ಟಲೆ ದುಡಿದರೂ ಅವನಿನ್ನೂ ತಾತ್ಕಾಲಿಕ ನೌಕರ. ಕಂಪನಿಯ ಗೋಡೆಗೆ ಹೊಡೆದ ಮೊಳೆಗಳು ಕೂಡ ಅವನಿಗಿಂತ ಖಾಯಂ ಆಗಿದ್ದವು.

ಕಂಪನಿಗೆ ಊರಿನ ಬೀದಿಬೀದಿಗಳಲ್ಲಿ ಅಂಗಡಿಗಳಿದ್ದವು. ಗಾಜು ಉಜ್ಜುವ ಕಾರ್ಖಾನೆ ರೈಲು ಹಳಿಯ ಆಚೆಗಿತ್ತು. ಅಂಗಡಿಯಲ್ಲಿ ಗಿರಾಕಿಯ ಕಣ್ಣು ನೋಡಿ ಬರೆದ ನಂಬರು ತಂತಿಯ ಮೇಲೆ ಓಡಿ ಕಾರ್ಖಾನೆ ಸೇರಬೇಕು. ಯಾವ ನಂಬರು ಯಾವ ದಾರಿಯಲ್ಲಿ ಓಡಬೇಕೆಂದು ಹೇಳುವುದಕ್ಕೆ ಪ್ರತಿ ಜಾಗದಲ್ಲೂ ರೂಟರ್ ಎಂಬ ಒಂದೊಂದು ಡಬ್ಬಿ. ಡಬ್ಬಿ ಡಬ್ಬಿಗಳು ತಮ್ಮತಮ್ಮಲ್ಲಿ ದಾರಿಯ ವಿಷಯ ಮಾತಾಡಿಕೊಳ್ಳುವ ಪದ್ಧತಿಗೆ ರೂಟಿಂಗ್ ಪ್ರೋಟೋಕಾಲ್ ಎಂದು ಹೆಸರು.

ಅಲ್ಲಿದ್ದದ್ದು ಬಹಳ ಮುದಿ ಪ್ರೋಟೋಕಾಲು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಸ್ವಭಾವದ್ದು. ಪಕ್ಕದ ಡಬ್ಬಿ ಹೇಳಿದ್ದನ್ನು ಕಣ್ಣುಮುಚ್ಚಿ ನಂಬುವುದು, ಅದನ್ನೇ ಆಚೆ ಪಕ್ಕದ ಡಬ್ಬಿಗೆ ಹೇಳುವುದು, ಇಷ್ಟೇ ಅದರ ವಿದ್ಯೆ. ಎಲ್ಲಾದರೂ ತಂತಿ ತುಂಡಾದರೆ, ‘ದಾರಿ ಇದೆಯಂತೆ’ ಎಂದು ಇದು, ‘ಹೌದಂತೆ’ ಎಂದು ಅದು, ಒಂದರ ಗಾಳಿಸುದ್ದಿಯನ್ನು ಇನ್ನೊಂದು ನಂಬಿಕೊಂಡು ಕೂರುತ್ತಿದ್ದವು. ಅಷ್ಟರಲ್ಲಿ ಅಂಗಡಿಯವರು ಚಹಾ ಕುಡಿದು, ಲೋಟ ತೊಳೆದು, ಗಿರಾಕಿಯ ಮನೆಯವರ ಕ್ಷೇಮಸಮಾಚಾರವನ್ನೆಲ್ಲ ವಿಚಾರಿಸಿ ಮುಗಿಸುತ್ತಿದ್ದರು. ಹೊಸ ಪ್ರೋಟೋಕಾಲು ಹಾಗಲ್ಲ. ಪ್ರತಿ ಡಬ್ಬಿಯೂ ತಾನು ಕಣ್ಣಾರೆ ಕಂಡದ್ದನ್ನು ಮಾತ್ರ ಎಲ್ಲರಿಗೂ ಸಾರುತ್ತದೆ. ಅದನ್ನು ಕೇಳಿ ಪ್ರತಿಯೊಂದೂ ಇಡೀ ನೆಟ್‌ವರ್ಕಿನ ನಕ್ಷೆಯನ್ನು ತಾನೇ ಬರೆದುಕೊಳ್ಳುತ್ತದೆ. ಒಂದು ದಾರಿ ಮುಚ್ಚಿದರೆ ರೆಪ್ಪೆ ಬಡಿಯುವುದರೊಳಗೆ ಇನ್ನೊಂದು ದಾರಿ ಹಿಡಿಯುತ್ತದೆ.

ಸಂಜೆ ತರಗತಿಗೆ ಹೋಗಿ ಇದನ್ನೆಲ್ಲ ಕಲಿತುಬಂದ ತಂತಿಯಪ್ಪ ಮ್ಯಾನೇಜರ ಮುಂದೆ ನಿಂತು, ‘ಬದಲಾಯಿಸೋಣ ಸರ್’ ಎಂದಿದ್ದ. ಮ್ಯಾನೇಜರು, ‘ಇದೊಂದು ಮಾಡಿ ತೋರಿಸಿ, ನಿಮ್ಮನ್ನ ಖಾಯಂ ಮಾಡೋ ವಿಷಯ ಯಜಮಾನಿಯಮ್ಮನ ಹತ್ರ ನಾನೇ ಎತ್ತುತೀನಿ’ ಎಂದಿದ್ದರು.

ತಂತಿಯಪ್ಪ ಮನೆಗೆ ಬೀಗ ಹಾಕಿದ ಮೇಲೆ ಬೀದಿಯ ತಿರುವಿನಿಂದ ವಾಪಸು ಬಂದು ಬೀಗ ಎಳೆದು ನೋಡುವ ಮನುಷ್ಯ. ಇಂಥವನು ಪ್ರೋಟೋಕಾಲನ್ನು ಸುಮ್ಮನೆ ಬದಲಾಯಿಸುತ್ತಾನೆಯೇ? ಹಳೆಯದರ ಪಕ್ಕದಲ್ಲೇ ಹೊಸದನ್ನು ಹೂಡಿ, ಎರಡೂ ಒಟ್ಟಿಗೇ ನಡೆಯುವಂತೆ ಮಾಡಿ, ವಾರಗಟ್ಟಲೆ ಎರಡರ ಮಾತನ್ನೂ ತಾಳೆ ನೋಡಿದ. ಹೊಸದು ಒಂದು ಸುಳ್ಳನ್ನೂ ಹೇಳಲಿಲ್ಲವೆಂದು ಖಾತ್ರಿಯಾದ ಮೇಲೆ, ಅಂಗಡಿಗಳಿಗೆಲ್ಲ ರಜೆಯಿದ್ದ ಒಂದು ಮಧ್ಯಾಹ್ನ ಒಬ್ಬನೇ ಕೂತು ಪ್ರತಿ ರೂಟರಿನಿಂದಲೂ ಹಳೆಯದನ್ನು ಕಿತ್ತ. ಕೀಳುವುದೆಂದರೆ ಒಂದು ಸಾಲು ಟೈಪು ಮಾಡುವುದು, ಅಷ್ಟೆ. ಮಲಗಿದ ಮಗುವಿನ ಕೆಳಗಿಂದ ಚಾಪೆ ಎಳೆದವನಂತೆ ಉಸಿರು ಬಿಗಿಹಿಡಿದು ನೋಡಿದ. ಮಗು ಏಳಲಿಲ್ಲ.

ಏಳದೆ ಇದ್ದದ್ದೇ ಎಡವಟ್ಟಾಯಿತು.

ಮ್ಯಾನೇಜರು ವಾರದ ಮುಂಚೆಯೇ ಎಲ್ಲ ಅಂಗಡಿಗಳಿಗೂ ನೋಟಿಸು ಹಚ್ಚಿಸಿದ್ದರು: ಸೋಮವಾರದಿಂದ ಹೊಸ ವ್ಯವಸ್ಥೆ, ತೊಂದರೆಯಾದಲ್ಲಿ ಎಲ್ಲರೂ ಸಹಕರಿಸಬೇಕು. ಎಲ್ಲರೂ ಸಹಕರಿಸುವುದಕ್ಕೆ ಸೊಂಟ ಕಟ್ಟಿಕೊಂಡೇ ಬಂದರು. ಕೌಂಟರಿನ ಹೆಂಗಸು ಕೆಲಸ ನಿಂತಾಗ ಹೆಣೆಯಲು ಉಣ್ಣೆಯ ಉಂಡೆ ತಂದಿದ್ದಳು. ಕಾರ್ಖಾನೆಯ ಫೋರ್‌ಮನ್ನು ಯಂತ್ರಗಳಿಗೆ ಎಣ್ಣೆ ಹಾಕಿಸಲು ಆಳುಗಳನ್ನು ಸಾಲಾಗಿ ನಿಲ್ಲಿಸಿದ್ದ. ಬೆಳಿಗ್ಗೆ ಹೋಯಿತು, ಮಧ್ಯಾಹ್ನ ಹೋಯಿತು. ನಂಬರುಗಳು ಎಂದಿನಂತೆ ಬರುತ್ತಲೇ ಇದ್ದವು. ಯಾರಿಗೂ ಸಹಕರಿಸುವ ಒಂದು ಅವಕಾಶವೂ ಸಿಗಲಿಲ್ಲ.

‘ಏನೂ ಆಗ್ಲಿಲ್ಲ ಅಂದ್ರೆ ಒಳಗೊಳಗೆ ಏನೋ ಆಗಿದೆ’ ಎಂದಳು ಕೌಂಟರಿನ ಹೆಂಗಸು, ಉಣ್ಣೆಯ ಉಂಡೆಯನ್ನು ಚೀಲಕ್ಕೆ ತುರುಕುತ್ತಾ.

ಸಂಜೆ ಮ್ಯಾನೇಜರು ಅವನನ್ನು ಒಳಗೆ ಕರೆದರು.

‘ಬದಲಾಯಿಸಿದ್ರೇನ್ರೀ?’

‘ಬದಲಾಯಿಸಿದೆ ಸರ್.’

‘ಏನು ಬದಲಾಗಿದೆ?’

‘ಅದು ಯಾರಿಗೂ ಗೊತ್ತಾಗಲ್ಲ ಸರ್. ಗೊತ್ತಾಗದ ಹಾಗೆ ಮಾಡೋದೇ ಈ ಕೆಲಸ.’

ಮ್ಯಾನೇಜರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ‘ಯಾರಿಗೂ ಗೊತ್ತಾಗದ ಹಾಗೆ ಮಾಡೋ ಕೆಲಸಕ್ಕೆ ನಮ್ಮ ಕಡೆ ಬೇರೆ ಹೆಸರಿದೆ ಕಣ್ರೀ.’

ಇಷ್ಟಕ್ಕೇ ನಿಂತಿದ್ದರೆ ನಿಲ್ಲುತ್ತಿತ್ತು. ಆದರೆ ಆ ಕಂಪನಿಗೆ ಒಂದು ಕಟ್ಟಳೆಯಿತ್ತು. ಹಳೆಯದನ್ನು ಸ್ಟೋರಿಗೆ ಒಪ್ಪಿಸದೆ ಹೊಸದನ್ನು ಯಾರೂ ಬಳಸುವಂತಿಲ್ಲ. ಹೊಸ ಬಲ್ಬು ಬೇಕಾದರೆ ಸುಟ್ಟ ಬಲ್ಬು ಕೊಡಬೇಕು. ಹೊಸ ಪೊರಕೆ ಬೇಕಾದರೆ ಹಳೆಯದರ ಬುಡವಾದರೂ ಕೊಡಬೇಕು. ಸ್ಟೋರ್‌ಕೀಪರ್ ಈ ಕಟ್ಟಳೆಯನ್ನು ಉಸಿರಿನಂತೆ ಪಾಲಿಸುತ್ತಿದ್ದ. ಹಿಂದಿನ ಮ್ಯಾನೇಜರು ನಿವೃತ್ತರಾಗಿ ಹೊಸಬರು ಬಂದ ದಿನ ಅವನು ಹಿಂದಿನವರ ಕಡೆಗೆ ಒಂಥರಾ ನೋಡುತ್ತಾ ಕಪಾಟಿನಲ್ಲಿ ಜಾಗ ಮಾಡುತ್ತಿದ್ದನೆಂದು ಹೇಳುವ ಕುಹಕಿಗಳೂ ಇದ್ದಾರೆ.

ಅವನು ಮರುದಿನ ತಂತಿಯಪ್ಪನನ್ನು ಮೇಜಿನ ಕೆಳಗೇ ಹಿಡಿದ. ತಾನೂ ಬಗ್ಗಿ ಕೇಳಿದ: ‘ಹೊಸ ಪ್ರೋಟೋಕಾಲು ಹಾಕಿದೀರಂತೆ. ಹಳೇದೆಲ್ಲಿ?’

‘ಅದನ್ನ ತೆಗೆದ್ಬಿಟ್ಟೆ.’

‘ತೆಗೆದು ಎಲ್ಲಿಟ್ರಿ?’

‘ಎಲ್ಲೂ ಇಟ್ಟಿಲ್ಲಣ್ಣ. ಅದು ಇಡೋವಂಥದ್ದಲ್ಲ.’

‘ಇಷ್ಟು ವರ್ಷ ಎಲ್ಲಿತ್ತು?’

‘ರೂಟರ್ ಒಳಗೆ.’

‘ಒಳಗಿದ್ದದ್ದು ಹೊರಗೆ ಬಂದ್ಮೇಲೆ ಎಲ್ಲೋ ಒಂದು ಕಡೆ ಇರ್ಲೇಬೇಕಲ್ಲ.’

‘ಅದೊಂದು ವಸ್ತು ಅಲ್ಲಣ್ಣ. ಒಂದು ಪದ್ಧತಿ. ಡಬ್ಬಿಗಳು ಆಡ್ತಿದ್ದ ಮಾತು ಅಂತ ಇಟ್ಕೊಳಿ.’

‘ಕಂಪನಿ ಡಬ್ಬಿ ಆಡಿದ ಮಾತು ಕಂಪನಿ ಸ್ವತ್ತೇ’ ಎಂದು ಸ್ಟೋರ್‌ಕೀಪರ್ ಮೇಲೆದ್ದು, ನೆಟ್ಟಗೆ ಆಡಿಟರ ಕೋಣೆಗೆ ನಡೆದ.

ಕಂಪನಿಯ ಆಡಿಟರು, ತನ್ನ ನೆರಳು ತನ್ನ ಹಿಂದೆ ಯಾಕೆ ಬರುತ್ತಿದೆ ಎಂದು ನಿಂತು ತಿರುಗಿ ನೋಡುವ ಆಸಾಮಿ. ಅವರ ಕೋಣೆಗೆ ಬಂದು ಕೂರುವವರಿಗೆ ಒಂದೇ ಕುರ್ಚಿ, ಅದರ ಒಂದು ಕಾಲು ಮೋಟು. ಅದರ ಮೇಲೆ ತಂತಿಯಪ್ಪ ಅಲುಗಾಡುತ್ತಾ ಕೂತ. ಅಲುಗಾಡುವವನನ್ನು ನಂಬುವುದಾದರೂ ಹೇಗೆ?

‘ಎಷ್ಟು ತೂಕ ಇತ್ತು?’

‘ತೂಕ ಇಲ್ಲ ಸರ್.’

‘ಬಣ್ಣ?’

‘ಬಣ್ಣನೂ ಇಲ್ಲ.’

‘ತೂಕ ಇಲ್ಲ, ಬಣ್ಣ ಇಲ್ಲ. ಆದ್ರೆ ಇಡೀ ಕಂಪನೀನ ನಡೆಸ್ತಿತ್ತು.’ ಆಡಿಟರು ಕುರ್ಚಿಗೆ ಒರಗಿದರು. ‘ಅಂದ್ರೆ ಭಾರಿ ಬೆಲೆ ಬಾಳೋ ವಸ್ತುನೇ.’

ಆ ಭಾನುವಾರ ಆಡಿಟರು ತಂತಿಯಪ್ಪನ ಮನೆ ಬಾಗಿಲಲ್ಲಿ ನಿಂತಿದ್ದರು. ‘ಸುಮ್ನೆ ಈ ಕಡೆ ಬಂದಿದ್ದೆ’ ಎಂದರು. ಸುಮ್ಮನೆ ಬಂದವರು ಚಪ್ಪಲಿ ಬಿಡುವ ಮೊದಲೇ ಬಾಗಿಲ ಹಿಂದೆ ಇಣುಕಿ ನೋಡಿದರು. ಎದುರುಮನೆಯ ಟೈಲರಮ್ಮನ ಹೊಲಿಗೆ ಯಂತ್ರ ಟಕ್ಕೆಂದು ನಿಂತಿತು.

ಮಗಳ ಜೊತೆಯಲ್ಲೇ ಇದ್ದ ತಂತಿಯಪ್ಪನ ಅತ್ತೆಗೆ ಇವರು ಯಾರು, ಯಾತಕ್ಕೆ ಬಂದರು ಎಂದು ಯಾರೂ ಹೇಳಬೇಕಾಗಲಿಲ್ಲ. ಶೋಧನೆಗೆ ಬಂದವರೆಂದು ಗಾಳಿಯಲ್ಲೇ ಗ್ರಹಿಸಿ ಬೀಗದ ಕೈ ಗೊಂಚಲು ಹಿಡಿದುಕೊಂಡೇ ಹೊರಗೆ ಬಂದರು. ಆಡಿಟರು ಮಂಚದ ಕೆಳಗೆ ನೋಡಿದರೆ ಅವರು ಹಾಸಿಗೆ ಎತ್ತಿ ತೋರಿಸಿದರು. ಆಡಿಟರು ಒಂದು ಕಪಾಟು ಕೇಳಿದರೆ ಅವರು ಎರಡು ತೆರೆದರು.

‘ಅಟ್ಟ ನೋಡಿದ್ರಾ?’ ಎಂದರು ಅತ್ತೆ. ‘ನಂಗೆ ಮಂಡಿನೋವು, ಏಣಿ ಹತ್ತಕ್ಕಾಗಲ್ಲ. ಬಹಳ ದಿನದಿಂದ ಒಂದ್ಸಲ ನೋಡ್ಬೇಕು ಅಂತ ನಂಗೂ ಇತ್ತು.’

‘ಅತ್ತೇ’ ಎಂದ ತಂತಿಯಪ್ಪ.

‘ನೀವು ಸುಮ್ನಿರಿ ಅಳಿಯಂದ್ರೇ. ತಪ್ಪಿಲ್ಲದವರಿಗೆ ಏಣಿ ಹಿಡ್ಕೊಳ್ಳೋಕೆ ಏನು ಕಷ್ಟ?’

ತಂತಿಯಪ್ಪ ಏಣಿ ಹಿಡಿದುಕೊಂಡ. ಆಡಿಟರು ಅಟ್ಟದಿಂದ ಜೇಡರಬಲೆ ತಲೆಗೆ ಸುತ್ತಿಕೊಂಡು ಇಳಿದರು. ಏನೂ ಸಿಕ್ಕಿರಲಿಲ್ಲ. ಏನೂ ಸಿಗಲಿಲ್ಲವೆಂಬುದೇ ಅವರ ಅನುಮಾನವನ್ನು ಗಟ್ಟಿ ಮಾಡಿತು. ಚಹಾ ಕುಡಿದು, ‘ಮುಂದಿನ ವಾರದೊಳಗೆ ಅದು ಸ್ಟೋರಿಗೆ ಬಂದ್ರೆ ಖಾಯಂ. ಬರದಿದ್ರೆ ಬಾಗಿಲು. ಮ್ಯಾನೇಜರೇ ಹೇಳಿ ಕಳಿಸಿದಾರೆ’ ಎಂದು ಹೊರಟರು. ಅವರು ಬೀದಿ ದಾಟುವ ಮೊದಲೇ ಟೈಲರಮ್ಮ ಸಕ್ಕರೆ ಸಾಲ ಕೇಳಿಕೊಂಡು ಬಂದಳು.

‘ನಿಜ ಹೇಳಿ’ ಎಂದಳು ಹೆಂಡತಿ, ಬಾಗಿಲು ಹಾಕಿಕೊಂಡು. ‘ಯಾರಿಗೆ ಕೊಟ್ರಿ ಅದನ್ನ?’

‘ಯಾರಿಗೂ ಕೊಟ್ಟಿಲ್ಲ ಮಾರಾಯ್ತಿ. ಅಳಿಸಿಬಿಟ್ಟೆ.’

‘ಅಷ್ಟು ವರ್ಷ ದುಡಿದದ್ದನ್ನ ಅಳಿಸಿಬಿಟ್ರಾ’ ಎಂದು ಹೆಂಡತಿ ಅವನನ್ನು ನೋಡಿದ ನೋಟ, ನಾಳೆ ನಮ್ಮನ್ನೂ ಹೀಗೇ ಮಾಡುವವನು ಎಂಬಂತಿತ್ತು.

ಆಗ ಒದಗಿಬಂದವನು ಹೆಂಡತಿಯ ತಮ್ಮ. ಅವನದು ಸ್ಕೂಟರ್ ರಿಪೇರಿಯ ಅಂಗಡಿ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ ಎಲ್ಲವನ್ನೂ ಕೇಳಿದ.

‘ನೀವು ವಿದ್ಯೆ ಕಲಿತ್ರಿ ಭಾವ, ವ್ಯಾಪಾರ ಕಲೀಲಿಲ್ಲ. ನಾನು ಗಾಡಿ ಚೆನ್ನಾಗಿ ರಿಪೇರಿ ಮಾಡಿ ಹಾಗೇ ಕೊಟ್ರೆ ಗಿರಾಕಿ, ಏನು ಮಾಡ್ದೆ ನೀನು, ಅಂತಾನೆ. ಅದಕ್ಕೆ ಒಂದು ಹಳೇ ಪಾರ್ಟು ಪೇಪರಲ್ಲಿ ಸುತ್ತಿ ಕೈಗೆ ಕೊಡ್ತೀನಿ. ನೋಡಿ ಸಾರ್, ಇದು ಹೋಗಿತ್ತು ಅಂತ. ಅವನದೇ ಗಾಡೀದು ಅಂತ ಏನಿಲ್ಲ. ಕೈಲಿ ಭಾರ ಸಿಕ್ರೆ ಮನಸ್ಸು ಹಗುರ ಆಗುತ್ತೆ.’

‘ಅದು ಸುಳ್ಳಾಗಲ್ವಾ?’

‘ಮಾತಾಡಿದ್ರೆ ತಾನೇ ಸುಳ್ಳು?’

ಅವನು ಕೊಟ್ಟದ್ದು ಸ್ಕೂಟರಿನಲ್ಲಿ ಕಿಡಿ ಹೊತ್ತಿಸುವ ಒಂದು ಕಪ್ಪು ಡಬ್ಬಿ. ಅಂಗೈಯಗಲ, ಹಿಂದೆ ಬಾಲದಂತೆ ಬಣ್ಣಬಣ್ಣದ ವೈರುಗಳು. ಯಾವಾಗಲೋ ಸುಟ್ಟುಹೋಗಿದ್ದದ್ದು. ತಂತಿಯಪ್ಪ ಊಟ ಬಿಟ್ಟು ಯೋಚಿಸಿದ. ಸುಳ್ಳು ಹೇಳಬಾರದು, ಕೆಲಸವೂ ಹೋಗಬಾರದು. ಕೊನೆಗೆ ಒಂದೂ ಸುಳ್ಳಿಲ್ಲದ ಒಂದೆರಡು ಮಾತುಗಳನ್ನು ಹೊಂದಿಸಿ, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡ.

ಸ್ಟೋರಿನ ಕಿಂಡಿಯಲ್ಲಿ ಡಬ್ಬಿಯನ್ನಿಟ್ಟು ಹೇಳಿದ: ‘ಇದು ಹಳೇದು. ಈಗ ಕೆಲಸ ಮಾಡ್ತಿಲ್ಲ.’

ಸ್ಟೋರ್‌ಕೀಪರ್ ಅದನ್ನು ತಕ್ಕಡಿಯಲ್ಲಿಟ್ಟ. ‘ತೂಕ ಇಲ್ಲ ಅಂದಿದ್ರಿ.’ ಆಮೇಲೆ ಮೂಸಿದ. ‘ಪೆಟ್ರೋಲ್ ವಾಸನೆ ಬರ್ತಿದೆಯಲ್ಲ.’

‘ಬಹಳ ವರ್ಷ ಓಡಿದೆ.’

‘ಓಡಿದೆ, ಓಡಿದೆ. ನೋಡಿದ್ರೇ ಗೊತ್ತಾಗುತ್ತೆ’ ಎಂದು ಸ್ಟೋರ್‌ಕೀಪರ್ ಕಳೆದುಹೋಗಿದ್ದ ಮಗು ಸಿಕ್ಕಿದಂತೆ ಅದನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಟ್ಟ.

ಅಂದು ಮಧ್ಯಾಹ್ನ ಆಫೀಸಿನವರಷ್ಟೇ ಅಲ್ಲ, ಅಂಗಡಿ ಕಾರ್ಖಾನೆಗಳವರೂ ಬಂದು ಅದನ್ನು ನೋಡಲು ಸಾಲುಗಟ್ಟಿದರು. ‘ಇಷ್ಟು ಚಿಕ್ಕದಾ?’ ಎಂದರು ಮ್ಯಾನೇಜರು. ‘ಪಾಪ, ಇದೊಂದೇ ಎಲ್ಲಾನೂ ಎಳೀತಿತ್ತಾ’ ಎಂದಳು ಕೌಂಟರಿನ ಹೆಂಗಸು. ಕಾರ್ಖಾನೆಯ ಫೋರ್‌ಮನ್ನು ಮಾತ್ರ ತಲೆ ಕೆರೆದುಕೊಳ್ಳುತ್ತಾ, ‘ಇಂಥದ್ದೇ ಒಂದು ನನ್ನ ಸ್ಕೂಟರಲ್ಲೂ ಇದೆಯಲ್ಲ’ ಎಂದುಬಿಟ್ಟ.

ಆಡಿಟರು ನಿಧಾನವಾಗಿ ಫೋರ್‌ಮನ್ನಿನ ಕಡೆಗೆ ತಿರುಗಿದರು.

‘ಕಂಪನಿಯ ಪ್ರೋಟೋಕಾಲು ನಿಮ್ಮ ಸ್ಕೂಟರಲ್ಲಿ ಯಾಕಿದೆ?’

ಫೋರ್‌ಮನ್ನು ಮರುದಿನದಿಂದ ಬಸ್ಸಿನಲ್ಲಿ ಬರತೊಡಗಿದ. ಆ ಡಬ್ಬಿ ಎಲ್ಲಿಯದೆಂದು ಗುರುತಿದ್ದವರು ಇನ್ನೂ ಯಾರಾದರೂ ಇದ್ದಿದ್ದರೆ, ಅವರೂ ಅಂದೇ ಮರೆತರು.

ಇಲ್ಲಿಗೆ ಮುಗಿದು ತಂತಿಯಪ್ಪ ಖಾಯಂ ಆಗಬೇಕಿತ್ತು. ಆದರೆ ಖಾಯಂ ಕಾಗದ ಯಜಮಾನಿಯಮ್ಮನ ಮೇಜಿಗೆ ಹೋಗುವ ದಿನವೇ, ಹೆಡ್ಡಾಫೀಸಿನ ಬೀದಿಯಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆಯುವವರು ದೊಡ್ಡ ತಂತಿಯನ್ನು ಕತ್ತರಿಸಿಹಾಕಿದರು. ಅದು ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನದ ಮೇಲೆ ಟೆಲಿಫೋನು ಕಂಪನಿಯವರೇ ಮ್ಯಾನೇಜರಿಗೆ ಫೋನು ಮಾಡಿ, ‘ಬೆಳಿಗ್ಗೆಯಿಂದ ನಿಮ್ಮ ಮೇನ್ ಲೈನು ಸತ್ತಿದೆ, ಕ್ಷಮಿಸಿ, ನಾಳೆ ಸರಿ ಮಾಡ್ತೀವಿ’ ಎಂದರು.

ಮ್ಯಾನೇಜರು ಗಾಬರಿಯಾಗಿ ಅಂಗಡಿಗಳಿಗೆ ಫೋನು ಹಚ್ಚಿದರು. ನಂಬರುಗಳು ಹೋಗುತ್ತಿವೆ. ಕಾರ್ಖಾನೆಗೆ ಹಚ್ಚಿದರು. ನಂಬರುಗಳು ಬರುತ್ತಿವೆ, ಗಾಜು ಉಜ್ಜುತ್ತಿದ್ದಾರೆ. ಲೈನು ಸತ್ತಿದೆ, ಕೆಲಸ ನಡೆದಿದೆ. ಮ್ಯಾನೇಜರು ತಂತಿಯಪ್ಪನನ್ನೂ ಆಡಿಟರನ್ನೂ ಒಟ್ಟಿಗೇ ಕರೆಸಿದರು.

ತಂತಿಯಪ್ಪನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ದಿನ ಯಾರಿಗೂ ತೋರಿಸಲಾಗದೆ ಇದ್ದದ್ದನ್ನು ರಸ್ತೆ ಅಗೆಯುವವರು ತೋರಿಸಿಕೊಟ್ಟಿದ್ದರು.

‘ಇದೇ ಸರ್ ಹೊಸ ಪ್ರೋಟೋಕಾಲು. ಲೈನು ಹೋದದ್ದನ್ನ ತಾನೇ ನೋಡಿದೆ, ಎಲ್ಲಾ ಡಬ್ಬಿಗೂ ಸಾರಿದೆ, ಕಾರ್ಖಾನೆ ಕಡೆ ಸುತ್ತಿನ ದಾರಿ ಹಿಡಿದಿದೆ. ಹಳೇದಾಗಿದ್ರೆ—’

ಆಡಿಟರು ಕೈ ಎತ್ತಿದರು. ‘ತಡೀರಿ. ಹೊಸದು ಇದ್ದದ್ದು ತಂತಿ ಮೇಲೆ. ತಂತಿ ತುಂಡಾಯ್ತು. ಅಂದ್ಮೇಲೆ ಹೊಸದು ಸತ್ತುಹೋಯ್ತು. ಈಗ ನಡೆಸ್ತಿರೋದು ಯಾರು?’

ಒಬ್ಬೊಬ್ಬರೇ ಸ್ಟೋರಿನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಸ್ಟೋರ್‌ಕೀಪರ್ ತಗ್ಗಿದ ದನಿಯಲ್ಲಿ ಹೇಳಿದ: ‘ನಾನು ಹೇಳೋಣ ಅಂತಿದ್ದೆ ಸರ್. ಬೆಳಿಗ್ಗೆ ಮುಟ್ಟಿ ನೋಡಿದಾಗ ಬಿಸಿಯಾಗಿತ್ತು.’

‘ಅದು ಕಿಟಕಿ ಬಿಸಿಲಿಗೆ’ ಎಂದ ತಂತಿಯಪ್ಪ. ಯಾರೂ ಕೇಳಲಿಲ್ಲ. ಸಂಜೆಯೊಳಗೆ ಡಬ್ಬಿಯ ಕಪಾಟಿಗೆ ಬೀಗ ಬಿತ್ತು, ಎದುರಿಗೆ ಒಂದು ಫ್ಯಾನು ಬಂತು. ‘ಒಪ್ಪಿಸಿಕೊಳ್ಳೋ ಪದ್ಧತಿ ಇಲ್ದಿದ್ರೆ ಇವತ್ತು ಕಂಪನಿ ಗತಿ ಏನಾಗ್ತಿತ್ತು’ ಎಂದು ಮ್ಯಾನೇಜರು ಸ್ಟೋರ್‌ಕೀಪರ್‌ನ ಬೆನ್ನು ತಟ್ಟಿದರು.

ತಂತಿಯಪ್ಪನಿಗೆ ಅಂದು ನಿದ್ದೆ ಹತ್ತಲಿಲ್ಲ. ಕೆಲಸ ಖಾಯಂ ಆಗುವುದು ಈಗ ಖಚಿತ. ಬಾಯಿ ಮುಚ್ಚಿಕೊಂಡು ಇದ್ದರೆ ಸಾಕು. ಆದರೆ ತಾನು ಹೊತ್ತು ಹೆತ್ತ ಪ್ರೋಟೋಕಾಲಿನ ಕೀರ್ತಿ ಸ್ಕೂಟರಿನ ಡಬ್ಬಿಗೆ ಹೋಗುವುದನ್ನು ಫ್ಯಾನಿನ ಗಾಳಿ ಸಮೇತ ನೋಡಿಕೊಂಡಿರುವುದು ಅವನಿಂದ ಆಗಲಿಲ್ಲ. ಬೆಳಿಗ್ಗೆ ಭಾವಮೈದುನನನ್ನು ಸಾಕ್ಷಿಗೆ ಕರೆದುಕೊಂಡು ಸೀದಾ ಯಜಮಾನಿಯಮ್ಮನ ಕೋಣೆಗೆ ಹೋದ.

ಯಜಮಾನಿಯಮ್ಮ ವಯಸ್ಸಾದವರು, ದಪ್ಪ ಗಾಜಿನ ಕನ್ನಡಕ, ಮಾತು ಕಡಿಮೆ. ಮ್ಯಾನೇಜರೂ ಆಡಿಟರೂ ಅವರ ಎಡಬಲಕ್ಕೆ ನಿಂತಿದ್ದರು.

‘ಅಮ್ಮಾ, ಅದು ಪ್ರೋಟೋಕಾಲ್ ಅಲ್ಲ. ಸ್ಕೂಟರ್ ಪಾರ್ಟು. ಸುಟ್ಟುಹೋಗಿರೋದು. ಮೂರು ಕಾಸಿನ ಬೆಲೆ ಇಲ್ಲ. ತಪ್ಪು ನಂದೇ. ಬಿಸಾಕಿಬಿಡಿ ಅದನ್ನ’ ಎಂದು ತಂತಿಯಪ್ಪ ಒಂದೇ ಉಸಿರಿಗೆ ಹೇಳಿದ.

ಆಡಿಟರ ಮುಖ ಅರಳಿತು. ‘ಈಗ ಅರ್ಥ ಆಯ್ತು ಅಮ್ಮಾ. ಮೊದಲು ಬಚ್ಚಿಟ್ಟ. ಒಪ್ಪಿಸು ಅಂದ್ಮೇಲೆ ಬೇರೆ ದಾರಿಯಿಲ್ದೆ ತಂದ. ಅದರ ಕಿಮ್ಮತ್ತು ನಮಗೆ ನಿನ್ನೆ ತಿಳೀತು. ಇವತ್ತು ಬಂದು ಬಿಸಾಕಿ ಅಂತಾನೆ. ನಾವು ಬಿಸಾಕ್ಬೇಕು, ಇವನು ಕಸದಿಂದ ಎತ್ಕೋಬೇಕು.’

‘ಇಲ್ಲಾ ಸರ್, ಇವನು ನನ್ನ ಭಾವಮೈದುನ. ಇವನೇ ಕೊಟ್ಟದ್ದು, ಕೇಳಿ.’

‘ಹೌದು ಸಾರ್, ನಮ್ಮ ಅಂಗಡೀದೇ’ ಎಂದ ಭಾವಮೈದುನ. ‘ವಾಪಸ್ ಕೊಟ್ರೆ ತಗೊಂಡು ಹೋಗ್ತೀನಿ.’

ಆಡಿಟರು ಯಜಮಾನಿಯಮ್ಮನ ಕಿವಿಯ ಹತ್ತಿರ ಬಗ್ಗಿದರು. ‘ಗಿರಾಕೀನೂ ಜೊತೆಗೇ ಕರ್ಕೊಂಡು ಬಂದಿದಾನೆ ಅಮ್ಮಾ.’

ಯಜಮಾನಿಯಮ್ಮ ಕನ್ನಡಕ ಏರಿಸಿಕೊಂಡು ತಂತಿಯಪ್ಪನನ್ನು ನೋಡಿದರು. ಆಮೇಲೆ ಮ್ಯಾನೇಜರನ್ನು ಕೇಳಿದರು: ‘ಇವನನ್ನ ತೆಗೆದ್ರೆ ಎಲ್ಲಿಗೆ ಹೋಗ್ತಾನೆ?’

‘ಎದುರು ಕಂಪನಿಗೇ ಅಮ್ಮಾ, ಇನ್ನೆಲ್ಲಿಗೆ?’

‘ಹಾಗಿದ್ರೆ ಖಾಯಂ ಮಾಡಿ.’ ಅವರು ಕಾಗದವನ್ನು ಎಳೆದುಕೊಂಡು ಸಹಿ ಹಾಕಿದರು. ‘ನಂಬಿಕಸ್ತರು ಎಲ್ಲಿದ್ರೂ ನಡೆಯುತ್ತೆ. ಇಂಥವರು ಮಾತ್ರ ಕಣ್ಣೆದುರಿಗೇ ಇರ್ಬೇಕು. ನಿವೃತ್ತಿ ಆಗೋವರೆಗೂ ಬಿಡ್ಬೇಡಿ.’

ಹೀಗೆ ತಂತಿಯಪ್ಪ ಖಾಯಂ ಆದ. ಮನೆಗೆ ಬಂದು ಕಾಗದವನ್ನು ಹೆಂಡತಿಯ ಕೈಗಿಟ್ಟ. ಅವಳು ಎರಡೆರಡು ಸಲ ಓದಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ‘ಸುಮ್ಸುಮ್ನೆ ಯಾರಾದ್ರೂ ಖಾಯಂ ಮಾಡ್ತಾರಾ? ಯಾಕಂತೆ?’ ಎಂದಳು.

‘ನನ್ನ ಮೇಲೆ ಅನುಮಾನವಂತೆ.’

ಅತ್ತೆ ಒಳಗಿನಿಂದ ಬಂದು ಅಳಿಯನ ಎದುರು ಕೂತರು. ಮೊದಲ ಸಲ ಅವರ ಮುಖದಲ್ಲಿ ಅವನ ಬಗ್ಗೆ ಒಂದು ಮೃದುವಾದ ಭಾವ ಮೂಡಿತು.

‘ಅದಕ್ಕ್ಯಾಕೆ ಬೇಜಾರು ಮಾಡ್ಕೋತೀರಿ ಅಳಿಯಂದ್ರೇ. ಮದುವೆ ದಿನದಿಂದ ನಂಗೂ ನಿಮ್ಮ ಮೇಲೆ ಅನುಮಾನವೇ. ಇಲ್ದಿದ್ರೆ ಹೆತ್ತ ಮಗನ ಮನೆ ಬಿಟ್ಟು ನಾನ್ಯಾಕೆ ಇಲ್ಲಿ ಖಾಯಂ ಆಗಿರ್ತಿದ್ದೆ?’